ಪೂಜೆಗೆ ಕೂತ ಪುಸ್ತಕ

ಸುಬ್ರಾಯ ಕಟ್ಟಿನ ದಾರಕ್ಕೆ ಹಲ್ಲು ಹಾಕಿದ್ದನಷ್ಟೆ, ಅಡಿಗೆಮನೆಯಿಂದ ಬಂದ ಸೋದರತ್ತೆ ವರದಮ್ಮ ಕಟ್ಟನ್ನೇ ಕಿತ್ತುಕೊಂಡಳು.

"ಎಂಜಲು ಮಾಡ್ಬೇಡ. ಪುಸ್ತಕ ಅಲ್ವಾ ಇದು?"

"ನಂದೇ ಪುಸ್ತಕ ಅತ್ತೆ. ಸಾಗರದಿಂದ ಅಚ್ಚಾಗಿ ಬಂದಿದೆ."

"ಯಾರದ್ದಾದ್ರೂ ಆಗ್ಲಿ. ಸರಸ್ವತಿ ಕೂತಾಗಿದೆ. ದಶಮಿ ತನಕ ಈ ಮನೇಲಿ ಯಾರೂ ಓದೋ ಹಾಗಿಲ್ಲ."

ಈಳಿಗೆಮಣೆಯಲ್ಲಿ ದಾರ ಕೊಯ್ದು, ಒಂದು ಪ್ರತಿಯನ್ನು ನಡುಮನೆಯಲ್ಲಿ ಪೂಜೆಗಿಟ್ಟ ಪುಸ್ತಕಗಳ ರಾಶಿಯ ತುದಿಗೆ ಇಟ್ಟು ಅಕ್ಷತೆ ಹಾಕಿದಳು. ಉಳಿದವನ್ನು ಪಕ್ಕದಲ್ಲಿ ಜೋಡಿಸಿದಳು. ಕೆಂಪಕ್ಷರದಲ್ಲಿ ಅಚ್ಚಾದ ತನ್ನ ಹೆಸರು ಸುಬ್ರಾಯನಿಗೆ ಕಂಡಿತು. ಅಷ್ಟರಲ್ಲಿ ಅದರ ಮೇಲೊಂದು ಸೇವಂತಿಗೆ ಬಿತ್ತು.

ಹೊರಗೆ ಜಗಲಿಯಲ್ಲಿ ಅವನ ಇಬ್ಬರು ಗೆಳೆಯರು ಚಕ್ಕುಲಿ ತಿನ್ನುತ್ತ ನಗುತ್ತಿದ್ದರು. ರಿಪ್ಪನ್‌ಪೇಟೆಯ ತಿಮ್ಮಣ್ಣ ಅಚ್ಚುಕೂಟದಿಂದ ಕಟ್ಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಹುಂಚದ ವರ್ಧಮಾನ ಹಬ್ಬದ ನೆಪದಲ್ಲಿ ಬಂದಿದ್ದ. ಅವನ ಪದ್ಯವೊಂದು ಆ ತಿಂಗಳಷ್ಟೆ ಮೈಸೂರಿನ ಪತ್ರಿಕೆಯಲ್ಲಿ ಬಂದಿದ್ದರಿಂದ ಅವನ ನಡಿಗೆಯೇ ಬದಲಾಗಿತ್ತು.

"ಬರೆದವನಿಗೇ ಓದೋಕೆ ಅಪ್ಪಣೆ ಇಲ್ಲ. ಇಂಥ ಪುಸ್ತಕ ವಿಲಾಯ್ತಿಲೂ ಇಲ್ಲ ಮಾರಾಯ," ಎಂದ ವರ್ಧಮಾನ.

ಸುಬ್ರಾಯ ನಕ್ಕ. ಆದರೆ ಅವನ ಕಣ್ಣು ಒಳಗಿನ ಆ ಸೇವಂತಿಗೆಯ ಮೇಲೇ ಇತ್ತು.

ಅವನಿಗೆ ಹೊಸನಗರದ ತಾಲ್ಲೂಕು ಕಚೇರಿಯಲ್ಲಿ ನಕಲು ಮಾಡುವ ಕೆಲಸ. ಮನೆಗೆ ಬಂದರೆ ರಷ್ಯಾ, ಫ್ರಾನ್ಸು, ನಾರ್ವೆ. ಅನುವಾದವಾಗಿ ಬಂದದ್ದನ್ನೆಲ್ಲ ನುಂಗುತ್ತಿದ್ದ. ಪುಸ್ತಕದಲ್ಲಿದ್ದದ್ದು ನಾಲ್ಕು ಕಥೆ. ಮೊದಲನೆಯದು ಅತ್ತೆಯದೇ. ಅವನು ಹುಟ್ಟುವ ಮುಂಚೆ ವರದಮ್ಮ ತೀರ್ಥಹಳ್ಳಿಯ ಗಂಡನ ಮನೆ ಬಿಟ್ಟು, ಒಬ್ಬಳೇ ತುಂಗೆ ದಾಟಿ, ತಗಡಿನ ಪೆಟ್ಟಿಗೆಯೊಂದಿಗೆ ಅಣ್ಣನ ಮನೆಗೆ ಬಂದವಳು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ತಾಯಿ ಸತ್ತ ಮೇಲೆ ಸುಬ್ರಾಯನನ್ನು ಸಾಕಿದವಳು, ಮರಳಲ್ಲಿ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳು ಅವಳೇ. ಅವನೋ ಅದನ್ನೆಲ್ಲ ಕಥೆ ಮಾಡಿ, ಅನುವಾದಗಳ ಹೆಂಗಸರೆಲ್ಲ ಕೊನೆಗೆ ಸಾಯುತ್ತಾರೆಂದು, ತನ್ನ ನಾಯಕಿಯನ್ನೂ ನಡುಹೊಳೆಯಲ್ಲಿ ದೋಣಿಯಿಂದ ನೀರಿಗೆ ಹಾರಿಸಿದ್ದ.

"ಹೆಸರು ಬದಲಾಯಿಸಿದ್ದೀಯಲ್ಲ, ಎಂತ ಹೆದರಿಕೆ?" ಎಂದ ತಿಮ್ಮಣ್ಣ.

"ಹೆಸರು ಬದಲಾಯಿಸ್ದೆ. ಪೆಟ್ಟಿಗೆ ಬದಲಾಯಿಸಲಿಲ್ಲ. ಮುಚ್ಚಳದ ಮೇಲಿನ ನವಿಲೂ ಹಾಗೇ ಇದೆ."

ಮೂವರೂ ಒಳಗೆ ನೋಡಿದರು. ಆ ನವಿಲಿನ ಪೆಟ್ಟಿಗೆಗೇ ಬಿಳಿ ಪಂಚೆ ಹೊದಿಸಿ, ಅದರ ಮೇಲೆ ಸರಸ್ವತಿಯನ್ನು ಕೂರಿಸಲಾಗಿತ್ತು.

ಅವನ ಭಯಕ್ಕೆ ಇನ್ನೊಂದು ಕಾರಣವಿತ್ತು. ದಶಮಿಯ ದಿನ ಪೂಜೆ ಇಳಿಸುವಾಗ ಮನೆಯ ಹಿರಿಯರು ತುದಿಯ ಪುಸ್ತಕ ತೆಗೆದು ಮೊದಲ ಪುಟ ಗಟ್ಟಿಯಾಗಿ ಓದಬೇಕು. ಅಪ್ಪ ಹೋದ ಮೇಲೆ ಆ ಹಿರಿತನ ವರದಮ್ಮನದು. ತನ್ನ ಪುಸ್ತಕವನ್ನು ಮೆಲ್ಲಗೆ ರಾಶಿಯ ಕೆಳಕ್ಕೆ ತಳ್ಳಿಬಿಡಲೆಂದು ಕೈ ಚಾಚಿದವನನ್ನು ಅತ್ತೆ ಗದರಿದಳು: "ಕೂತ ದೇವರನ್ನ ಅಲುಗಿಸ್ತಾರೇನೋ?"

ಗೆಳೆಯರಿಬ್ಬರೂ ದಶಮಿ ತನಕ ಉಳಿದರು. ಸಂಜೆ ಸಂಜೆಗೂ ಕೇರಿಯ ಹೆಂಗಸರು ಆರತಿಗೆ ಬಂದರು. ಒಂದಕ್ಷರ ಬಾರದ ಕನ್ನಮ್ಮ ಆ ಪುಸ್ತಕವನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಮ್ಮ ಜನ ಕಲ್ಲಿಗೂ ಕೈಮುಗಿಯುತ್ತಾರೆ ಎಂದು ಅದೇ ಪುಸ್ತಕದಲ್ಲಿ ಬರೆದಿದ್ದ ಸುಬ್ರಾಯನಿಗೆ ಕೂತಿರಲಾಗಲಿಲ್ಲ. ಯಾರೋ ದೊಡ್ಡವರು ಒಳಗೆ ಬಂದಂತೆ ಎದ್ದು ನಿಂತ. ವರ್ಧಮಾನ ಗೇಲಿ ಮಾಡಲೆಂದು ಬಾಯಿ ತೆರೆದವನು ತಾನೂ ಎದ್ದ.

ದಶಮಿ ಬೆಳಿಗ್ಗೆ ವರದಮ್ಮ ಹೂವು ಕೊಡವಿ ಪುಸ್ತಕ ತೆಗೆದಳು. ಸುಬ್ರಾಯನ ಹೆಸರಿನ ಮೇಲೆ ಕುಂಕುಮ ಅಂಟಿತ್ತು.

ಅವಳಿಗೆ ಓದುವುದೆಂದರೆ ಹಾಡುವುದೇ. ಹಳೆಯ ಕಾವ್ಯಗಳನ್ನು ಓದುವ ರಾಗದಲ್ಲೇ ಅವನ ಗದ್ಯವನ್ನೂ ಎತ್ತಿಕೊಂಡಳು. ಅವನು ಕತ್ತರಿಸಿ ಕತ್ತರಿಸಿ ಇಟ್ಟ ಪುಟ್ಟ ವಾಕ್ಯಗಳು ಒಂದರ ಕೈ ಒಂದು ಹಿಡಿದು ಎದ್ದವು. ಒಂದು ಪುಟಕ್ಕೆ ಶಾಸ್ತ್ರ ಮುಗಿಯಿತು. ಅವಳು ಪುಟ ತಿರುವಿದಳು. ಇನ್ನೊಂದು ತಿರುವಿದಳು. ಎಲೆಯಡಿಕೆಗೆ ಕಾದಿದ್ದ ಹೆಂಗಸರು ಕೂತೇ ಇದ್ದರು. ಪೆಟ್ಟಿಗೆ ಬಂತು, ನವಿಲು ಬಂತು, ದೋಣಿ ಬಂತು. ಸ್ವರ ನಡುಗಲಿಲ್ಲ. ಹೊಳೆಯ ಹತ್ತಿರ ರಾಗ ನಿಧಾನವಾಯಿತು, ಕಾವ್ಯದಲ್ಲಿ ರಾಜರು ಮಡಿಯುವಲ್ಲಿ ಆಗುವಂತೆ. ಕನ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿದಳು. ಸುಬ್ರಾಯನ ಮೈಮೇಲಿನ ಕೂದಲು ನಿಂತಿತು. ಇದನ್ನು ತಾನು ಬರೆದದ್ದು ನಿಜವೇ? ಇಷ್ಟು ದೊಡ್ಡ ದನಿ ಇದರೊಳಗೆ ಎಲ್ಲಿತ್ತು?

ಹೆಂಗಸರು ಕುಂಕುಮ ತೆಗೆದುಕೊಂಡು ಹೋದರು. ಮೂವರು ಗಂಡಸರು ಕಂಬಕ್ಕೊಬ್ಬರಂತೆ ಉಳಿದರು.

"ಹೊಳೇಲಿ ಅಷ್ಟು ನೀರಿರಲಿಲ್ಲ," ಎಂದಳು ವರದಮ್ಮ. "ಬೇಸಿಗೆ ಅದು. ಹಾರಿದ್ರೆ ಮೊಣಕಾಲು ಮುರೀತಿತ್ತು."

ತಿಮ್ಮಣ್ಣ ನಗು ಮರೆಸಲು ಕೆಮ್ಮಿದ.

"ದೋಣಿಯವ ಹುಲಿಯಪ್ಪ ಅಂತ. ಒಂದು ಚೂರು ಬೆಲ್ಲ ಕೊಟ್ಟಿದ್ದ. ಅದು ಬರಲಿಲ್ಲ ನಿನ್ನ ಕಥೇಲಿ."

"ನಂಗೆ ಗೊತ್ತಿರಲಿಲ್ಲ ಅತ್ತೆ."

"ಕೇಳಿದ್ರೆ ತಾನೇ?" ಅವಳು ಪುಸ್ತಕದ ಮೇಲಿನ ಅಕ್ಷತೆಯನ್ನು ಒಂದೊಂದಾಗಿ ಆರಿಸಿದಳು. "ಕನ್ನಮ್ಮ ಅತ್ತಳು, ನೋಡಿದ್ಯಾ? ನಾನು ಬಂದಾಗ ಈ ಕೇರಿಯೋರು ಬಾಗಿಲು ಹಾಕ್ಕೊಂಡಿದ್ರು. ಅವಳೂ ಹಾಕ್ಕೊಂಡಿದ್ಲು."

ಸುಬ್ರಾಯ ಅವಳ ಕಾಲ ಹತ್ತಿರ ಕೂತ.

"ಅತ್ತೆ, ಅರ್ಧದಷ್ಟು ಪ್ರತಿಗಳು ಇನ್ನೂ ಹೊಲಿಗೆ ಆಗದೇ ಸಾಗರದಲ್ಲೇ ಇವೆ. ತಿಮ್ಮಣ್ಣ ಮಧ್ಯಾಹ್ನದ ಬಸ್ಸಿಗೇ ಹೋಗ್ತಾನೆ. ಕೊನೆ ಬೇರೆ ಬರೆದು ಕೊಡ್ತೀನಿ. ಅವಳು ದಡ ಸೇರ್ತಾಳೆ, ಬೆಲ್ಲಾನೂ ತಿಂತಾಳೆ. ಇಲ್ದಿದ್ರೆ ಇಡೀ ಕಥೇನೇ ತೆಗೆಸ್ತೀನಿ. ನೀನು ಹೇಳಿದ ಹಾಗೆ."

"ಬೇಡ," ಎಂದಳು ವರದಮ್ಮ. "ಬದಲಾಯಿಸೋದೂ ಬೇಡ, ತೆಗೆಸೋದೂ ಬೇಡ. ಬಾಗಿಲು ಹಾಕ್ಕೊಂಡೋರು ಅವಳಿಗಾಗಿ ಅತ್ರಲ್ಲ, ಅದು ಹಾಗೇ ಇರ್ಲಿ."