ವಾರಗಿತ್ತಿಯ ಬೆರಳು

ಮನೆಯ ಕೆಳಗಿನ ಹೊಲಿಗೆ ಅಂಗಡಿಯಲ್ಲಿ ಕೋಟುಗಳ ಗುಂಡಿತೂತಿಗೆ ಕೈಯಿಂದ ಕಾಜಾ ಹೊಲಿಯುವ ಕೆಲಸ ಇಪ್ಪತ್ತೆರಡು ವರ್ಷದಿಂದ ಹಿರಿಸೊಸೆಯದು. ಕಿರಿಸೊಸೆಗೆ ಅದನ್ನು ಕಲಿಸಿದವಳೂ ಅವಳೇ. ವಯಸ್ಸು ಐವತ್ತು ದಾಟುತ್ತಲೇ ಇಬ್ಬರ ಬೆರಳುಗಳೂ ಗಂಟು ಕಟ್ಟಿದವು. ಕೀಲು ಸವೆದಿದೆ ಎಂದ ಡಾಕ್ಟರಮ್ಮ ಇಬ್ಬರ ಫೋನಿಗೂ ಒಂದು ಆ್ಯಪ್ ಹಾಕಿಕೊಟ್ಟರು. ಅದು ತೋರಿಸಿದಂತೆ ದಿನಾ ಬೆರಳಿನ ವ್ಯಾಯಾಮ ಮಾಡಿ ಗುರುತು ಹಾಕಬೇಕು. ನೋವು ಹತ್ತರಲ್ಲಿ ಎಷ್ಟೆಂದು ಒತ್ತಬೇಕು. ಆ ಲೆಕ್ಕ ಡಾಕ್ಟರಮ್ಮನಿಗೂ ಕಾಣುತ್ತದೆ.

ಕಿರಿಯವಳು ಒಂದು ದಿನವೂ ತಪ್ಪಿಸಲಿಲ್ಲ. ಹಿರಿಯವಳು ಎರಡು ದಿನ ಮಾಡಿ ಕೈಬಿಟ್ಟಳು. "ನನ್ನ ಕೈಗೆ ಈ ಫೋನು ಪಾಠ ಹೇಳ್ಬೇಕಾ?"

ಎರಡು ತಿಂಗಳಲ್ಲಿ ಕಿರಿಯವಳ ನೋವು ಏಳರಿಂದ ನಾಲ್ಕಕ್ಕಿಳಿಯಿತು. ಹಳೇ ಗಿರಾಕಿ ವಕೀಲರು ಕರಿಕೋಟು ತಂದವರು, "ಕಾಜಾ ಚಿಕ್ಕಮ್ಮನೋರೇ ಹಾಕ್ಲಿ. ನಿಮಗೆ ಕೈನೋವು, ಪಾಪ" ಎಂದರು. ಹಿರಿಯವಳ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ತನ್ನ ಗಿರಾಕಿ, ತಾನು ಕಲಿಸಿದ ಹೊಲಿಗೆ! ಎದುರಿಗೆ ಕೂತವಳು ನೋವು ಇಳಿದ ಬೆರಳಲ್ಲಿ ದಾರ ಪೋಣಿಸುತ್ತ ಗುನುಗುವುದೂ ಅವಳಿಗೆ ಸಹಿಸಲಾಗಲಿಲ್ಲ.

ಅಂದೇ ಫೋನು ತೆಗೆದು ಎಲ್ಲ ವ್ಯಾಯಾಮಕ್ಕೂ ಗುರುತು ಹಾಕಿ, ನೋವು ಮೂರೆಂದು ಒತ್ತಿದಳು. ಮರುದಿನ ಎರಡು. ಆಮೇಲೆ ಒಂದು. 'ಶಭಾಷ್' ಎಂದು ಮೂಡಿದ್ದನ್ನು ವಾರಗಿತ್ತಿಯ ಕಣ್ಣೆದುರಿಗೇ ಹಿಡಿದಳು.

"ಅಯ್ಯೋ ಅಕ್ಕಾ, ನನಗಿಂತ ಬೇಗ!" ಕಿರಿಯವಳು ನಿಜವಾಗಿ ಹಿಗ್ಗಿದಳು. "ಹಾಗಾದ್ರೆ ಈ ಕೋಟು ನೀವೇ ಹೊಲೀರಿ. ನಿಮ್ಮ ಕೈಯಷ್ಟು ನೀಟಾಗಿ ನನಗೆ ಬರಲ್ಲ."

ಅವಳು ಹೊಟ್ಟೆ ಉರಿದುಕೊಳ್ಳದೇ ಹೋದದ್ದು ಹಿರಿಯವಳಿಗೆ ಇನ್ನೂ ಉರಿಯಿತು. ಕೋಟು ಸೆಳೆದುಕೊಂಡಳು. ಎರಡನೇ ಕಾಜಾದ ಹೊತ್ತಿಗೆ ಹೆಬ್ಬೆರಳು ಸೆಟೆದುಕೊಂಡಿತು. ಹಲ್ಲು ಕಚ್ಚಿ ಮುಗಿಸಿದರೂ ಮೂರನೆಯದು ಸೊಟ್ಟಗಾಯಿತು.

ಮರುವಾರ ಆಸ್ಪತ್ರೆಗೆ ಇಬ್ಬರೂ ಹೋದರು. ಡಾಕ್ಟರಮ್ಮ ಹಿರಿಯವಳ ಲೆಕ್ಕ ನೋಡಿ ನಕ್ಕರು. "ನಿಮ್ಮ ನೋವು ಒಂದಕ್ಕೆ ಬಂದಿದೆ. ಹೆಬ್ಬೆರಳಿಗೆ ಆಸರೆಯ ಪಟ್ಟಿ ಬೇಕಾಗಿಲ್ಲ. ಎಲ್ಲಿ, ನನ್ನ ಕೈ ಗಟ್ಟಿಯಾಗಿ ಒತ್ತಿ."

ಒತ್ತಲು ಹೋದವಳ ಕಣ್ಣಲ್ಲಿ ನೀರು ಬಂತು.

"ಒಂದಲ್ಲ," ಎಂದಳು ತಗ್ಗಿದ ದನಿಯಲ್ಲಿ. "ಎಂಟು. ವ್ಯಾಯಾಮಾನೂ ಮಾಡಿಲ್ಲ. ಇವಳಿಗಿಂತ ಕಮ್ಮಿ ತೋರಿಸ್ಬೇಕಿತ್ತು."

ಡಾಕ್ಟರಮ್ಮ ಬೈಯಲಿಲ್ಲ, ಹೆಬ್ಬೆರಳಿಗೆ ಪಟ್ಟಿ ಕಟ್ಟಿದರು. ಹೊರಗೆ ಬಂದ ಮೇಲೆ ಕಿರಿಯವಳು ಅವಳ ಪಟ್ಟಿ ಕಟ್ಟಿದ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. "ನೀವು ಬರೇ ಹೇಳಿದ್ರೂ ಕೋಟು ನಿಮಗೇ ಕೊಡ್ತಿದ್ದೆ. ಕೈ ಯಾಕೆ ಹಾಳು ಮಾಡ್ಕೊಂಡ್ರಿ?" ಎಂದಳು.

"ನೀನು ಕೊಡ್ತೀಯ ಅನ್ನೋದೇ ಕಣೇ ನನಗೆ ಆಗದೆ ಇದ್ದದ್ದು."

ಈಗ ಇಬ್ಬರೂ ಅಂಗಡಿ ತೆರೆಯುವ ಮುಂಚೆ ಎದುರುಬದುರು ಕೂತು ಬೆರಳು ಮಡಿಸುತ್ತಾರೆ. ಹಿರಿಯವಳ ನೋವು ಆರಕ್ಕಿಳಿದಿದೆ. ಆದರೂ ಅವಳು ಮೊದಲು ಬಗ್ಗಿ ನೋಡುವುದು ವಾರಗಿತ್ತಿಯ ಫೋನನ್ನೇ.