ದಾರವಿಲ್ಲದ ಹೊಲಿಗೆ

ನಮ್ಮ ಯಜಮಾನರು ನನ್ನನ್ನು ಮೇಲ್‌ಗಾಡಿ ಎಂದು ಕರೆಯುತ್ತಿದ್ದರು. ಅಂಗಡಿಗೆ ಬಂದವರ ಎದುರಿಗೂ ಹಾಗೆಯೇ. "ಅಳತೆ ನನಗೆ ಕೊಡಿ, ಹೊಲಿಗೆ ನಮ್ಮ ಮೇಲ್‌ಗಾಡಿ ನೋಡ್ಕೊಳ್ತಾಳೆ. ಮೇಲ್ ರೈಲಿನ ಹಾಗೆ ನಡುವೆ ಎಲ್ಲೂ ನಿಲ್ಲೋದಿಲ್ಲ ಅವಳು," ಎನ್ನುತ್ತಿದ್ದರು.

ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಅವರು ಬಟ್ಟೆ ಕತ್ತರಿಸುವವರು, ನಾನು ಹೊಲಿಯುವವಳು. ಮೂವತ್ತೆಂಟು ವರ್ಷ ಹೀಗೆ ನಡೆಯಿತು. ಶಾಲೆ ತೆರೆಯುವ ವಾರದಲ್ಲಿ ಒಂದೇ ದಿನ ಇಪ್ಪತ್ತೆರಡು ಅಂಗಿಗಳಿಗೆ ಕಾಲರ್ ಕೂರಿಸಿದ್ದೇನೆ. ನನ್ನ ಕಾಲು ಪೆಡಲಿನ ಮೇಲಿದ್ದರೆ ಬೀದಿಯ ಆ ಬದಿಯ ಗುಂಡಿ ಅಂಗಡಿಯವನಿಗೂ ಕೇಳಿಸುತ್ತಿತ್ತಂತೆ. ನನ್ನ ವೇಗದ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು. ಅದಕ್ಕೇ ಇರಬೇಕು, ನಾಲ್ಕು ವರ್ಷಗಳ ಹಿಂದೆ ಆ ವೇಗ ಇನ್ನೂ ಹೆಚ್ಚಿದಾಗ ಕಾಯಿಲೆ ಎಂದು ಹೊಳೆಯಲೇ ಇಲ್ಲ. ಹೊಟ್ಟೆ ತುಂಬ ತಿಂದರೂ ಮೈ ಇಳಿಯುತ್ತಿತ್ತು. ಚಳಿಯಲ್ಲೂ ಬೆವರು. ಸೂಜಿಗೆ ದಾರ ಪೋಣಿಸಲು ಐದಾರು ಸಲ ಯತ್ನಿಸಬೇಕಾಗುತ್ತಿತ್ತು. ಎದೆ ಮಾತ್ರ ಕೂತಲ್ಲೇ ಓಡುತ್ತಿತ್ತು. ಅದೇ ಹೊತ್ತಿಗೆ ಅವರಿಗೆ ಮರೆವಿನ ಕಾಯಿಲೆ ಶುರುವಾಗಿದ್ದರಿಂದ ನೋಡಿದವರೆಲ್ಲ, "ಪಾಪ, ಗಂಡನ ಚಿಂತೆಯಲ್ಲಿ ಸೊರಗಿದ್ದಾಳೆ," ಎಂದರು. ನಾನೂ ಹಾಗೇ ಅಂದುಕೊಂಡೆ.

ಕೊನೆಗೆ ಆಸ್ಪತ್ರೆಗೆ ಹೋದೆ. ಡಾಕ್ಟರ್ ಹೆಣ್ಣುಮಗಳು, ವಯಸ್ಸಿನಲ್ಲಿ ನನಗೆ ಮಗಳಾಗಬಹುದು. "ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದಳು.

"ನಾನು ಮೊದಲಿಂದಲೂ ಹೀಗೇ."

ಅವಳು ನನ್ನ ಕೈಗಳನ್ನು ಮುಂದೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆಯನ್ನಿಟ್ಟಳು. ಹಾಳೆ ಪಟಪಟನೆ ನಡುಗಿತು. "ಇದೂ ಮೊದಲಿಂದಲೇನಾ ಅಮ್ಮ?" ಎಂದಳು. ನಗಲಿಲ್ಲ. ಹಾಳೆ ಕೆಳಗೆ ಬೀಳುವ ಮೊದಲೇ ಹಿಡಿದುಕೊಂಡಳು.

ಕತ್ತಿನೊಳಗಿನ ಥೈರಾಯ್ಡ್ ಗ್ರಂಥಿ ಅಳತೆ ಮೀರಿ ಕೆಲಸ ಮಾಡುತ್ತಿತ್ತು. ಒಂದೂವರೆ ವರ್ಷ ಮಾತ್ರೆ ನುಂಗಿದೆ. ಆಮೇಲೆ ಎದೆಬಡಿತದ ಲಯವೇ ತಪ್ಪತೊಡಗಿತು. ವಿಕಿರಣ ಇರುವ ಅಯೋಡಿನ್ ನುಂಗಿದರೆ ಅದು ನೇರವಾಗಿ ಗ್ರಂಥಿಗೆ ಹೋಗಿ ಅದನ್ನು ಸುಮ್ಮನಾಗಿಸುತ್ತದೆ, ಆದರೆ ಹತ್ತು ದಿನ ಎಲ್ಲರಿಂದ ದೂರವಿರಬೇಕು ಎಂದು ಡಾಕ್ಟರ್ ಹೇಳಿದಳು. ನಾನು ಎರಡು ಸಲ ದಿನ ಮುಂದೂಡಿದೆ. ನಮ್ಮವರು ಆ ಹೊತ್ತಿಗೆ ಬೀದಿಯ ದಾರಿ ಮರೆತಿದ್ದರು, ಕತ್ತರಿ ಹಿಡಿಯುವುದನ್ನು ಮರೆತಿದ್ದರು, ತಮ್ಮ ತಾಯಿ ತೀರಿಕೊಂಡದ್ದನ್ನೂ ಮರೆತಿದ್ದರು. ನನ್ನನ್ನು ಮಾತ್ರ ಮರೆತಿರಲಿಲ್ಲ. ನನಗೆ ಬೇಕಾಗಿದ್ದುದು ಅದೊಂದೇ. ಹತ್ತು ದಿನ ಕಣ್ಮರೆಯಾದರೆ ಅದೂ ಹೋದೀತು ಎಂಬ ಭಯ.

"ನೀವಿದ್ರೆ ತಾನೇ ಅವರು ನಿಮ್ಮ ಗುರುತು ಹಿಡಿಯೋದು?" ಎಂದಳು ಡಾಕ್ಟರ್. ಮೂರನೆಯ ಸಲ ದಿನ ಮುಂದೂಡಲಿಲ್ಲ.

ಅಯೋಡಿನ್ ಗುಳಿಗೆ ಕೊಡುವ ಕೋಣೆಯಲ್ಲಿ ಒಬ್ಬ ತಂತ್ರಜ್ಞ ಇದ್ದ. ಸೀಸದ ದಪ್ಪ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೇಳಿದ: "ನಾನು ಹೊರಗೆ ನಿಲ್ತೀನಿ ಅಮ್ಮ. ಹೆದರಿ ಓಡಿಹೋದ ಅಂದ್ಕೋಬೇಡಿ. ದಿನಾ ಇದೇ ಕೆಲಸ ಆದ್ದರಿಂದ ದೂರ ಇರ್ಬೇಕು, ಅಷ್ಟೇ. ಗಾಜಿನಲ್ಲಿ ನೋಡ್ತಾನೇ ಇರ್ತೀನಿ." ನಾನು ನುಂಗಿ ನೀರು ಕುಡಿದು ತಲೆಯೆತ್ತಿದಾಗ ಗಾಜಿನಾಚೆ ಅವನು ಕೈ ಎತ್ತಿದ್ದ. ಶಾಲೆಯ ಮೊದಲ ದಿನ ಮಕ್ಕಳನ್ನು ಬಿಟ್ಟುಹೋಗುವವರು ಎತ್ತುವಂತೆ.

ನನ್ನ ನಾದಿನಿ ಮನೆಗೆ ಬಂದು ಉಳಿದಳು. ಅವಳು ಸಣ್ಣ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅರವತ್ತು ದಾಟಿದ್ದರೂ ಅಣ್ಣನ ಬಾಯಲ್ಲಿ ಇನ್ನೂ ಪುಟ್ಟಿ. ನನ್ನ ಮಂಚ, ತಟ್ಟೆ, ಲೋಟ ಎಲ್ಲ ಅಂಗಡಿ ಕೋಣೆಗೆ ಬಂದವು. ಒಳಮನೆಗೂ ಅಂಗಡಿಗೂ ನಡುವಿನ ಬಾಗಿಲು ಮುಚ್ಚಿತು. ತೆರೆದಿಟ್ಟು ದೂರ ಕೂರಬಹುದಿತ್ತು. ಆದರೆ ಕಂಡರೆ ಅವರು ಬಂದು ಕೈ ಹಿಡಿಯದೆ ಇರುವವರಲ್ಲ. "ಬರಬೇಡಿ" ಎಂದರೆ ಅವರಿಗೆ ಅದು ಬೈಗುಳವಾಗಿ ಮಾತ್ರ ಕೇಳಿಸುತ್ತಿತ್ತು.

ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಅವರು ಕೋಣೆ ಕೋಣೆ ತಿರುಗತೊಡಗಿದರು. "ಅವಳೆಲ್ಲಿ? ಪುಟ್ಟಿ, ಅವಳೆಲ್ಲಿ?" ಬಾಗಿಲಿನ ಈಚೆ ನಿಂತು ಕೇಳುವುದು ನನ್ನಿಂದಾಗಲಿಲ್ಲ. ಏನು ಮಾಡುವುದೆಂದು ತೋಚದೆ ಮಿಷನ್ನಿನ ಮುಂದೆ ಕೂತು ಎರಡು ಚಿಂದಿ ಬಟ್ಟೆ ಜೋಡಿಸಿ ತುಳಿಯತೊಡಗಿದೆ. ಆಚೆ ಹೆಜ್ಜೆಗಳು ನಿಂತವು.

ಪುಟ್ಟಿಗೆ ಅಷ್ಟು ಸಾಕಾಯಿತು. "ಕೇಳಿಸ್ತಾ ಅಣ್ಣ? ಮಿಷನ್ ಸದ್ದು. ಅದೇ ಅತ್ತಿಗೆ."

"ಆರ್ಡರ್ ಇದೆಯಾ?"

"ರಾಶಿ ಇದೆ."

"ಹಾಗಾದ್ರೆ ಮಾತಾಡಿಸ್ಬೇಡ. ಗಾಡಿ ನಿಂತ್ರೆ ಬೈತಾಳೆ. ನೀರು ಕೊಟ್ಯಾ ಅವಳಿಗೆ?"

ನೀರು ಧಾರಾಳವಾಗಿ ಕುಡಿಯಬೇಕೆಂದು ಆಸ್ಪತ್ರೆಯವರೂ ಹೇಳಿದ್ದರು. ಪುಟ್ಟಿ ಬಾಗಿಲ ಬಳಿ ನೀರಿನ ಜಗ್ ಇಟ್ಟು, "ಅಣ್ಣ ಕಳಿಸಿದ್ದು," ಎಂದಳು.

ಹತ್ತು ದಿನವೂ ಅದೇ ಆಟ. ಅವರು ಕೇಳಿದಾಗಲೆಲ್ಲ ಪುಟ್ಟಿ ಬಾಗಿಲನ್ನು ಎರಡು ಸಲ ತಟ್ಟುವಳು. ನಾನು ತುಳಿಯುವೆ. "ಅದು ಯಾರು ಅಣ್ಣ?" "ಅವಳೇ." "ಅವಳು ಅಂದ್ರೆ?" "ನನ್ನ ಹೆಂಡ್ತಿ. ಮೇಲ್‌ಗಾಡಿ." "ಜಾಣ." ಮಕ್ಕಳಿಗೆ ಅಕ್ಷರ ತಿದ್ದಿಸಿದ ಹಾಗೆ ದಿನಕ್ಕೆ ಇಪ್ಪತ್ತು ಸಲ ತಿದ್ದಿಸಿದಳು. ಬೇರೆಯವರ ಬಟ್ಟೆ ಮುಟ್ಟಬಾರದಾಗಿದ್ದರಿಂದ ನಾನು ಚಿಂದಿಗಳಲ್ಲಿ ಒಂಬತ್ತು ದಿಂಬಿನ ಚೀಲ ಹೊಲಿದೆ. ಗ್ರಂಥಿ ಇನ್ನೂ ಸುಮ್ಮನಾಗಿರಲಿಲ್ಲ, ಕಾಲು ಮೊದಲಿಗಿಂತಲೂ ಜೋರಾಗಿ ಓಡುತ್ತಿತ್ತು. ನಾವಿಬ್ಬರೂ ಏನೋ ಜಾಣತನ ಮಾಡಿದ್ದೇವೆಂದು ಹಿಗ್ಗಿದೆವು. ಬಾಗಿಲಿನ ಎರಡೂ ಬದಿಯಿಂದ ನಗುತ್ತಿದ್ದೆವು.

ಹನ್ನೊಂದನೆಯ ದಿನ ಬಾಗಿಲು ತೆರೆದಾಗ ಅವರು ನೇರವಾಗಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ಮುಗೀತಾ ಆರ್ಡರ್? ಒಳಗೆ ಬಾ, ಎಷ್ಟು ಹೊತ್ತು," ಎಂದರು. ಆ ಕೈಯ ಭಾರ ಈಗಲೂ ನನ್ನ ನೆತ್ತಿಯ ಮೇಲಿದೆ.

ಅಯೋಡಿನ್ ತನ್ನ ಕೆಲಸ ಮಾಡಿದ್ದು ಆಮೇಲೆ, ಸದ್ದಿಲ್ಲದೆ, ಎರಡು ಮೂರು ತಿಂಗಳಲ್ಲಿ. ಮೊದಲು ಕೈ ನಡುಕ ನಿಂತಿತು. ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದ ದಿನ, ನಮ್ಮಲ್ಲೇ ಉಳಿದುಕೊಂಡಿದ್ದ ಪುಟ್ಟಿಯನ್ನು ಕರೆದು ತೋರಿಸಿದೆ. ಎದೆ ಓಡುವುದನ್ನು ಬಿಟ್ಟು ನಡೆಯತೊಡಗಿತು. ಆಮೇಲೆ ನಡೆಯುವುದೂ ನಿಧಾನವಾಯಿತು. ಎಲ್ಲರೂ ಬೀಸಣಿಗೆ ಹುಡುಕುವ ಹೊತ್ತಿನಲ್ಲಿ ನನಗೆ ಸ್ವೆಟರ್ ಬೇಕಾಯಿತು. ಮುಖ ಊದಿ ದುಂಡಗಾಯಿತು. ದನಿ ಒಡೆದು ದಪ್ಪಗಾಯಿತು. ಕಾಲರ್ ಕೂರಿಸುತ್ತಾ ಕೂತಲ್ಲೇ ತೂಕಡಿಸಿದೆ. ಗ್ರಂಥಿ ಪೂರ್ತಿ ಸುಮ್ಮನಾಗಿದೆ, ಇನ್ನು ಮೇಲೆ ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಮಾತ್ರೆ ಬೇಕು, ಸರಿಹೋಗಲು ಕೆಲವು ತಿಂಗಳು ಹಿಡಿಯುತ್ತದೆ ಎಂದಳು ಡಾಕ್ಟರ್. ಹೃದಯದ ಲಯ ಸರಿಹೋದದ್ದಕ್ಕೆ ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಒಂದು ಮಧ್ಯಾಹ್ನ ಪುಟ್ಟ ಹುಡುಗಿಯೊಬ್ಬಳ ಫ್ರಾಕಿನ ಅಂಚು ಹೊಲಿಯುತ್ತಿದ್ದೆ. ಒಳಗಿನಿಂದ ಅವರ ದನಿ ಕೇಳಿಸಿತು.

"ಪುಟ್ಟಿ, ಯಾರೋ ಅವಳ ಮಿಷನ್ ಮುಟ್ತಿದ್ದಾರೆ ನೋಡು."

"ಅತ್ತಿಗೆನೇ ಅಣ್ಣ."

"ನನಗೆ ಗೊತ್ತಿಲ್ವಾ ಅವಳ ಸದ್ದು? ನೀನೇ ಹೇಳ್ಕೊಟ್ಟಿದ್ದಲ್ವಾ? ಇದು ಯಾರೋ ಈಗ ಕಲಿಯೋರು."

ಬಾಗಿಲಿಗೆ ಬಂದು ನಿಂತರು. ನಾನು ತಲೆಯೆತ್ತಿ ನಕ್ಕೆ. ಅವರೂ ನಕ್ಕರು, ಅಂಗಡಿಗೆ ಮೊದಲ ಸಲ ಬಂದವರಿಗೆ ನಗುವ ನಗು.

"ತಪ್ಪು ತಿಳ್ಕೋಬೇಡಿ ಅಮ್ಮ," ಎಂದರು. "ಇದು ನನ್ನ ಹೆಂಡ್ತಿ ಮಿಷನ್ನು. ಬೇರೆಯವರು ಮುಟ್ಟಿದ್ರೆ ಅವಳು ಬೈತಾಳೆ. ನಿಮ್ಮನ್ನಲ್ಲ, ನನ್ನನ್ನ."

ನಾನು ಎದ್ದು ನಿಂತೆ. ಗಂಟಲಿನಿಂದ ಬಂದ ದನಿ ನನಗೇ ಅಪರಿಚಿತವಾಗಿತ್ತು. "ಎಲ್ಲಿಗೆ ಹೋಗಿದ್ದಾರೆ ಅವರು?"

"ಬಟ್ಟೆ ಕೊಟ್ಟು ಬರೋಕೆ ಹೋಗಿರ್ಬೇಕು. ಬಂದ್ಬಿಡ್ತಾಳೆ. ಎಲ್ಲೂ ಜಾಸ್ತಿ ಹೊತ್ತು ನಿಲ್ಲೋಳಲ್ಲ ಅವಳು."

ಪುಟ್ಟಿ ಅಡುಗೆಮನೆಗೆ ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. "ನಾನೇ ತಿದ್ದಿಸಿದ್ದು ಅತ್ತಿಗೆ. ಮುಖ ತೋರಿಸಿ ಹೇಳ್ಬೇಕಿತ್ತು, ಸದ್ದು ತೋರಿಸಿ ಹೇಳ್ಬಿಟ್ಟೆ," ಎಂದಳು.

"ತುಳಿದವಳು ನಾನಲ್ವಾ," ಎಂದೆ. ಅವಳ ಬೆನ್ನು ಸವರಿದೆ.

ಮುಂದಿನ ವಾರ ಡಾಕ್ಟರ ಬಳಿ ಕೇಳಿದೆ: "ದಿನಕ್ಕೆ ಎರಡು ಮಾತ್ರೆ ತಗೊಂಡ್ರೆ ಮೊದಲಿನ ಹಾಗೆ ಆಗ್ತೀನಾ?" ಜನ ಎಷ್ಟೋ ವಿಚಿತ್ರ ಪ್ರಶ್ನೆ ಕೇಳುತ್ತಾರೇನೋ, ಅವಳು ಯಾಕೆಂದು ಕೇಳಲಿಲ್ಲ. "ಹೃದಯ ತಡೆಯೋಲ್ಲ ಅಮ್ಮ," ಎಂದಳು. ಆಮೇಲೆ ಮೇಜು ಸುತ್ತಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಹೊರಗೆ ಎಷ್ಟೋ ಜನ ಕಾಯುತ್ತಿದ್ದರು. ನಾನಾಗಿ ಏಳುವವರೆಗೂ ಅವಳು ಏಳಲಿಲ್ಲ.

ಮನೆಯಲ್ಲಿ ನಾನು ಅವರಿಗೆ ದಿನಾ ಬಂದುಹೋಗುವ ಯಾರೋ ಒಬ್ಬ ಹೆಂಗಸಾದೆ. ನನ್ನ ಬಗ್ಗೆ ಅವರಿಗೆ ಮರ್ಯಾದೆಯಿತ್ತು. ಕುರ್ಚಿ ಸರಿಸಿ ಕೊಡುತ್ತಿದ್ದರು. ಒಂದು ದಿನ, "ಏನು ಹೊಲಿಸ್ಬೇಕಿತ್ತು?" ಎಂದು ಕೇಳಿದರು. ಏನೋ ಆಸೆ ಹುಟ್ಟಿ, "ಒಂದು ರವಿಕೆ," ಎಂದೆ. ಮೊಳೆಗೆ ನೇತುಹಾಕಿದ್ದ ಟೇಪನ್ನು ಅವರ ಕೈಗೆ ಕೊಟ್ಟೆ. ಕತ್ತರಿ ಮರೆತ ಕೈ ಟೇಪನ್ನು ಮರೆತಿರಲಿಲ್ಲ. ನನ್ನ ಹಿಂದೆ ನಿಂತು ಈ ಭುಜದಿಂದ ಆ ಭುಜಕ್ಕೆ ಎಳೆದು ಹಿಡಿದರು. ಬೆರಳು ನನ್ನ ಭುಜದ ಮೂಳೆಯ ಮೇಲೆ ನಿಂತಿತು.

"ಹದಿನಾಲ್ಕೂವರೆ," ಎಂದರು. ಸ್ವಲ್ಪ ಹೊತ್ತು ಬೆರಳು ಅಲ್ಲೇ ಇತ್ತು. "ನಮ್ಮನೆಯವಳದೂ ಇದೇ ಅಳತೆ."

ನಾನು ಅಲುಗದೆ ನಿಂತೆ.

"ಆದ್ರೆ ಅವಳು ಹೀಗೆ ಸುಮ್ನೆ ನಿಲ್ಲೋದಿಲ್ಲ. ಅಳತೆ ತಗೊಳ್ಳೋಕೆ ನಾನು ಟೇಪ್ ಹಿಡ್ಕೊಂಡು ಹಿಂದೆ ಹಿಂದೆ ಓಡ್ಬೇಕು." ಟೇಪನ್ನು ಸುರುಳಿ ಸುತ್ತಿ ನನ್ನ ಕೈಗಿಟ್ಟರು. "ಅವಳು ಬರಲಿ, ಹೊಲಿದು ಕೊಡ್ತಾಳೆ."

ಆಮೇಲೆ ಅವರು ಊಟ ಬಿಟ್ಟರು. ಹಟವೇನಲ್ಲ. ತಟ್ಟೆ ಮುಂದಿಟ್ಟರೆ, "ಅವಳು ಬಂದ್ಮೇಲೆ," ಎನ್ನುವರು. ಕಿಟಕಿಯ ಬಳಿ ಕೂತು ಬೀದಿ ನೋಡುವರು. ಎರಡು ದಿನ ಹಾಲು, ಬ್ರೆಡ್ಡಿನ ಚೂರು ಬಿಟ್ಟರೆ ಏನೂ ಒಳಗೆ ಹೋಗಲಿಲ್ಲ. ಮೂರನೆಯ ದಿನ ನಾನು ಮಿಷನ್ನಿನ ಮುಂದೆ ಕೂತು, ನಡುವಿನ ಬಾಗಿಲು ಮುಚ್ಚಲು ಪುಟ್ಟಿಗೆ ಹೇಳಿದೆ. ಚಿಂದಿಯೊಂದನ್ನು ಸೂಜಿಯ ಕೆಳಗಿಟ್ಟು ಇದ್ದ ಶಕ್ತಿಯನ್ನೆಲ್ಲ ಕಾಲಿಗೆ ಹಾಕಿ ತುಳಿದೆ. ಅರ್ಧ ನಿಮಿಷಕ್ಕೆ ದಾರ ತುಂಡಾಯಿತು. ಮತ್ತೆ ಪೋಣಿಸಿದೆ, ಮತ್ತೆ ತುಂಡಾಯಿತು. ನಿಂತು ನಿಂತು ಓಡುವ ಸದ್ದು ನನ್ನದಲ್ಲ. ಆದ್ದರಿಂದ ದಾರವನ್ನೇ ತೆಗೆದುಹಾಕಿದೆ, ಮೇಲಿನದನ್ನೂ ಕೆಳಗಿನ ಬಾಬಿನ್ನಿನದನ್ನೂ. ಬರಿಯ ಸೂಜಿ ಓಡಿತು.

ಬಾಗಿಲಿನಾಚೆ ಕುರ್ಚಿ ಸರಿಯಿತು. "ಬಂದ್ಯಾ?"

ನಾನು ಉತ್ತರಿಸಲಿಲ್ಲ. ನನ್ನ ದನಿ ಕೇಳಿದರೆ ಬಂದವಳು ಹೊರಟುಹೋಗುತ್ತಾಳೆ. ಇನ್ನಷ್ಟು ಜೋರಾಗಿ ತುಳಿದೆ.

"ಬಂದ್ಳು ಪುಟ್ಟಿ. ಊಟಕ್ಕೆ ಹಾಕು."

ಈಗ ದಿನಾ ಮಧ್ಯಾಹ್ನ ಹೀಗೆಯೇ. ಪುಟ್ಟಿ ತಟ್ಟೆ ಇಟ್ಟು ಬಾಗಿಲನ್ನು ಎರಡು ಸಲ ತಟ್ಟುತ್ತಾಳೆ. ಅವರು ಉಣ್ಣುತ್ತಾ ಆ ದಿನ ಯಾರ್‍ಯಾರು ಬಂದರು, ಯಾರ ಅಂಗಿಗೆ ಬಟ್ಟೆ ಸಾಲದೆ ಹೋಯಿತು ಎಂದು ನನಗೆ ಹೇಳುತ್ತಾರೆ. ಎಲ್ಲ ಇಪ್ಪತ್ತು ವರ್ಷ ಹಿಂದಿನ ಮಾತು. ನನಗೂ ಅವರಿಗೂ ನಡುವೆ ಒಂದು ಬಾಗಿಲು. ತೆರೆದು ಪಕ್ಕದಲ್ಲಿ ಕೂರೋಣವೆಂದರೆ ಸದ್ದು ನಿಲ್ಲಬೇಕು. ಸದ್ದು ನಿಂತರೆ ನಾನಿಲ್ಲ. ಕಾಲುಗಳು ಹದಿನೈದು ನಿಮಿಷ ತಡೆಯುತ್ತವೆ, ಆಮೇಲೆ ತೊಡೆಗಳು ಮರಗಟ್ಟುತ್ತವೆ. ಅಷ್ಟರಲ್ಲಿ ಅವರ ಊಟ ಮುಗಿದಿರಬೇಕು.

ನಿನ್ನೆ ಊಟ ಮುಗಿದಿರಲಿಲ್ಲ, ನನ್ನ ಕಾಲು ಸೋಲತೊಡಗಿತ್ತು. ಆಚೆಯಿಂದ ಅವರು ಹೇಳುವುದು ಕೇಳಿಸಿತು: "ಪುಟ್ಟಿ, ಅವಳಿಗೊಂದು ಲೋಟ ನೀರು ಕೊಡು. ಬೆಳಿಗ್ಗೆಯಿಂದ ತುಳೀತಿದ್ದಾಳೆ, ಯಾರೂ ಕೇಳೋರಿಲ್ಲ."

ಪುಟ್ಟಿ ಬಾಗಿಲನ್ನು ಒಂದು ಗೇಣು ತೆರೆದು ಒಳಗೆ ಬಂದಳು. ಲೋಟವನ್ನು ನನ್ನ ಮುಂದೆ ಹಿಡಿದಳು. "ಅಣ್ಣ ಕಳಿಸಿದ್ದು," ಎಂದಷ್ಟೇ ಹೇಳಿದಳು.

ಒಂದು ಕೈಯಲ್ಲಿ ಲೋಟ ಹಿಡಿದು ಕುಡಿದೆ. ಇನ್ನೊಂದು ಕೈ ಬಟ್ಟೆಯ ಮೇಲಿತ್ತು, ಅದರ ತುಂಬ ಸಾಲು ಸಾಲು ತೂತುಗಳು, ಒಂದೂ ಹೊಲಿಗೆಯಿಲ್ಲ. ಕಾಲು ನಿಲ್ಲಿಸಲಿಲ್ಲ.