ನಾಲ್ಕು ಕಿಟಕಿಯ ಕೇಜು

“ಮೋಟ್ರು ಹಾಕೋ ಮಾತೇ ಇಲ್ಲ ಕಣ್ರೀ ಉಗ್ರಪ್ಪನೋರೆ, ನೀರು ತಾನಾಗೇ ಮಹಡಿ ಟ್ಯಾಂಕಿಗೆ ಹತ್ತಿ ಹೊರಗೆ ಚೆಲ್ಲುತ್ತೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿಂದ ಇಂಥದ್ದು ನೋಡಿಲ್ಲ,” ಎಂದರು ಸರಸ್ವತಿ ಮೇಡಂ.

ಗೇಟಿನ ಒಳಗೆ ಅವರು, ಹೊರಗೆ ಗಾಡಿಯ ಮೇಲೆ ಕೂತು ಒಂದು ಕಾಲು ಊರಿಕೊಂಡಿದ್ದ ಉಗ್ರಪ್ಪ. ಮೇಡಂ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ತ್ಯಾಗರಾಜನಗರದ ಆ ಅಡ್ಡರಸ್ತೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಉಗ್ರಪ್ಪ ಬಡಾವಣೆಗೆಲ್ಲ ನೀರು ಕೊಡುವ ದೊಡ್ಡ ಟ್ಯಾಂಕಿನ ವಾಲ್ವುಗಳನ್ನು ನೋಡಿಕೊಳ್ಳುವ ಗುತ್ತಿಗೆ ಫಿಟ್ಟರ್. ಹೆಸರು ಅಂಥದ್ದಾದರೂ ಅವನು ಜೋರಾಗಿ ಮಾತಾಡಿದ್ದನ್ನು ಕೇಳಿದವರಿಲ್ಲ. ಈಗಲೂ ಏನೋ ಹೇಳಬೇಕೆಂದು ಬಾಯಿ ತೆರೆದ. ಮೇಡಂ ಬಿಡಬೇಕಲ್ಲ. ಭಾನುವಾರ ಬೆಳಿಗ್ಗೆ ತಮ್ಮ ಅಂಗಳದಲ್ಲೇ ಅವನಿಗೆ ಸನ್ಮಾನ ಇಟ್ಟುಕೊಂಡಿರುವುದು, ಅಧ್ಯಕ್ಷರಾದ ಅನಂತಪದ್ಮನಾಭ ಅವರು ಶಾಲು ಆರಿಸಲು ತಾವೇ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿರುವುದು, ಉಪ್ಪಿಟ್ಟು ಕೇಸರಿಬಾತಿಗೆ ಯಾರಿಗೆ ಹೇಳಿರುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಮೈಸೂರು ಪೇಟಕ್ಕೆ ತಲೆಯ ಅಳತೆ ಬೇಕೆಂದು ಒಳಗಿನಿಂದ ಹೊಲಿಗೆ ಟೇಪು ತಂದು, ಗೇಟಿನ ಮೇಲಿಂದಲೇ ಅವನ ಹಣೆಗೆ ಸುತ್ತಿ ನೋಡಿದರು. ಟೇಪಿನೊಳಗೆ ತಲೆ ಸಿಕ್ಕಿಸಿಕೊಂಡು ಉಗ್ರಪ್ಪ ಅಲ್ಲಾಡದೆ ಕೂತ.

“ಅಮ್ಮನ್ನೂ ಕರ್ಕೊಂಡು ಬನ್ನಿ. ಸಪ್ಪಲಮ್ಮನೋರನ್ನ ಮುಂದಿನ ಸಾಲಲ್ಲೇ ಕೂರಿಸ್ತೀವಿ.”

ಅದನ್ನು ಕೇಳಿದ ಮೇಲೆ ಉಗ್ರಪ್ಪ ಹೇಳಬೇಕೆಂದುಕೊಂಡಿದ್ದನ್ನು ಬಿಟ್ಟು ಗಾಡಿ ಸ್ಟಾರ್ಟ್ ಮಾಡಿದ.

ಅವನ ತಾಯಿ ಸಪ್ಪಲಮ್ಮ ಇದೇ ಅಂಗಳವನ್ನು ಗುಡಿಸುತ್ತಿದ್ದವಳು. ಯಡಿಯೂರಿನ ಹಳೇ ಊರಿನಿಂದ ನಡೆದು ಬಂದು, ಈ ರಸ್ತೆಯ ಚರಂಡಿಗಳನ್ನು ಬಾಚಿ, ಅಂಗಳಗಳನ್ನು ಗುಡಿಸಿ ಮಕ್ಕಳನ್ನು ಸಾಕಿದವಳು. ಬಾಯಾರಿದರೆ ಹಿಂದಿನ ಗೇಟಿನ ಹತ್ತಿರ ಬೊಗಸೆ ಒಡ್ಡಬೇಕಿತ್ತು. ಮೇಡಂ ಅತ್ತೆ ಚೊಂಬನ್ನು ಎತ್ತಿ ಹಿಡಿದು ಮೇಲಿನಿಂದ ಸುರಿಯುತ್ತಿದ್ದರು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು. ಆ ಮಾತನ್ನು ಈಗ ಯಾರೂ ಎತ್ತುವುದಿಲ್ಲ.

ಉಗ್ರಪ್ಪ ಹೇಳಬೇಕಾಗಿದ್ದುದಾದರೂ ಏನು? ದೊಡ್ಡ ಪೈಪಿನಲ್ಲಿ ಭಾರಿ ಒತ್ತಡದಿಂದ ಬರುವ ನೀರು ಟ್ಯಾಂಕಿಗೆ ಬೀಳುವ ಮೊದಲು ಒಂದು ಕಂಟ್ರೋಲ್ ವಾಲ್ವನ್ನು ಹಾಯ್ದು ಬರಬೇಕು. ಅದರ ಹೊಟ್ಟೆಯಲ್ಲಿ ದಪ್ಪ ಉಕ್ಕಿನ ಒಂದು ಕೊಳವೆ ಕೂತಿರುತ್ತದೆ, ಮೈತುಂಬ ಸಣ್ಣ ಸಣ್ಣ ತೂತು. ಕೆಲಸದವರು ಅದಕ್ಕೆ ಕೇಜು ಅನ್ನುತ್ತಾರೆ. ಆ ತೂತುಗಳಲ್ಲಿ ನುಸುಳುವಾಗ ನೀರಿನ ಒತ್ತಡ ಮೆಟ್ಟಿಲಿಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಹಾಗಲ್ಲದೆ ಒಂದೇ ಸಲ ಧುಮುಕಿತೋ, ನೀರಿನೊಳಗೆ ಗುಳ್ಳೆ ಏಳುತ್ತವೆ, ಎದ್ದವು ಲೋಹದ ಮೈಗೆ ತಾಗಿ ಒಡೆಯುತ್ತವೆ. ಸೋಪಿನ ಗುಳ್ಳೆ ಅಂದುಕೊಳ್ಳಬೇಡಿ. ಒಂದೊಂದೂ ಉಳಿಪೆಟ್ಟು. ಉಕ್ಕನ್ನೇ ತಿಂದು ಹಾಕುತ್ತವೆ.

ಮೇಲಿನ ರಸ್ತೆಯಲ್ಲಿ ಪೈಪು ಜೋಡಿಸಿದವರು ಒಳಗೆ ಬಿಟ್ಟ ಮರಳೆಲ್ಲ ಬಂದು ಆ ತೂತುಗಳಲ್ಲಿ ಕಚ್ಚಿಕೊಂಡಿತ್ತು. ಟ್ಯಾಂಕು ಅರ್ಧವೂ ತುಂಬುತ್ತಿರಲಿಲ್ಲ. ಉಗ್ರಪ್ಪ ಕೇಜನ್ನು ಹೊರಗೆ ತೆಗೆದು, ನೆನೆಹಾಕಿ, ತಂತಿ ಹಿಡಿದು ಒಂದೊಂದೇ ತೂತು ಬಿಡಿಸುವಾಗ ಅಂಚಿನಲ್ಲಿ ಬಿರುಕು ಕಂಡಿತು. ಹೊಸದು ಬರುವವರೆಗೆ ಊರಿಗೆ ನೀರು ನಿಲ್ಲಿಸಲಾಗುತ್ತದೆಯೇ? ಶೆಡ್ಡಿನಲ್ಲಿ ಹಳೆಯದೊಂದು ಕೇಜು ಬಿದ್ದಿತ್ತು. ಅದಕ್ಕೆ ಸಣ್ಣ ತೂತುಗಳಿಲ್ಲ, ಸುತ್ತ ನಾಲ್ಕು ದೊಡ್ಡ ಕಿಟಕಿ. ಸದ್ಯಕ್ಕಿರಲಿ ಎಂದು ಅದನ್ನೇ ಕೂರಿಸಿದ. ನೀರು ನುಗ್ಗಿತು. ಟ್ಯಾಂಕು ಕಂಠದವರೆಗೆ ತುಂಬಿ, ಕೊನೆಯಲ್ಲಿದ್ದ ಮೇಡಂ ಮನೆಯ ಮಹಡಿಗೂ ಹತ್ತಿತು. ದೂರುಗಳು ನಿಂತದ್ದರಿಂದ ನೀರು ಸರಬರಾಜಿನ ಆಫೀಸಿನವರೂ ಏನೂ ಕೇಳಲಿಲ್ಲ.

ಆಮೇಲೆ ಹೊಸ ಕೇಜು ಬಂತು. ಮರದ ಪೆಟ್ಟಿಗೆಗೆ ಹೊಡೆದ ಮೊಳೆಯನ್ನೂ ಇನ್ನೂ ಕಿತ್ತಿಲ್ಲ. ಟ್ಯಾಂಕಿನ ಆಪರೇಟರ್ ಯಲ್ಲಯ್ಯ ಅದರ ಮೇಲೆ ಕೂತು ಟೀ ಕುಡಿಯುತ್ತಾನೆ.

ಅದನ್ನು ಬದಲಾಯಿಸಿದರೆ ಮರಳು ಕಟ್ಟಿದ್ದ ದಿನಗಳಿಗಿಂತ ಚೆನ್ನಾಗಿಯೇ ನೀರು ಬರುತ್ತದೆ, ಮಹಡಿಗೆ ಮಾತ್ರ ಹತ್ತುವುದಿಲ್ಲ. ನಾಳೆ ಮಾಡೋಣ, ನಾಳೆ ಮಾಡೋಣ ಎಂದುಕೊಳ್ಳುವಷ್ಟರಲ್ಲಿ ಆ ರಸ್ತೆಯವರು ಅವನ ಗಾಡಿ ನಿಲ್ಲಿಸಿ ಕೈಕುಲುಕತೊಡಗಿದ್ದರು. ಒಬ್ಬರು ಒಳಗೆ ಕರೆದು ಸೋಫಾ ಮೇಲೆ ಕೂರಿಸಿ ಕಾಫಿ ಕೊಟ್ಟರು. ಹುಟ್ಟಿದಾಗಿನಿಂದ ನೋಡುತ್ತಿದ್ದ ಮನೆಗಳ ಒಳಗೋಡೆಗೆ ಯಾವ ಬಣ್ಣ ಎಂಬುದು ಅವನಿಗೆ ತಿಳಿದದ್ದೇ ಆಗ. ಕಾಫಿ ಕುಡಿದವನು ಹೋಗಿ ನೀರು ಕಡಿಮೆ ಮಾಡುವುದು ಹೇಗೆ?

ಮೇಡಂ ಮನೆಯಿಂದ ಅವನು ನೇರ ಟ್ಯಾಂಕಿಗೆ ಹೋದ. ವಾಲ್ವಿನ ಕೋಣೆಗೆ ಕಾಲಿಡುವ ಮೊದಲೇ ಗುಳ್ಳೆಗಳು ಒಡೆಯುವ ಸದ್ದು, ಟಿಪ್ಪರಿನಿಂದ ಜಲ್ಲಿ ಸುರಿದಂತೆ. ಸುರಿಯುತ್ತಲೇ ಇತ್ತು, ಮುಗಿಯುವುದೇ ಇಲ್ಲ. ಕೆಲವು ವಾರಗಳಿಂದ ಉಗ್ರಪ್ಪನಿಗೆ ಮನೆಯಲ್ಲಿ ಅನ್ನ ಕಲಸುವಾಗಲೂ ಅದೇ ಸದ್ದು. ಇವತ್ತೇ ಬಿಚ್ಚಿಬಿಡೋಣ ಎಂದ. ಯಲ್ಲಯ್ಯ ಪೆಟ್ಟಿಗೆ ಬಿಟ್ಟು ಏಳಲೇ ಇಲ್ಲ.

“ಪೇಟ ಹಾಕ್ಸ್ಕೊಳ್ಳೋಕೆ ತಲೆ ಕೊಟ್ಟು ಬಂದು ಈಗ ಸ್ಪ್ಯಾನರ್ ಕೊಡು ಅಂತೀಯಲ್ಲ ಗುರು. ಭಾನುವಾರ ಒಂದ್ ಕಳೀಲಿ. ಉಕ್ಕು ಅದು, ಉಪ್ಪಿಟ್ಟಲ್ಲ, ಅಷ್ಟು ಬೇಗ ಖಾಲಿಯಾಗಲ್ಲ.”

ಮನೆಯಲ್ಲಿ ಸಪ್ಪಲಮ್ಮ ಆಗಲೇ ಜರಿಯಂಚಿನ ಸೀರೆಯನ್ನು ಬಿಸಿಲಿಗೆ ಹಾಕಿದ್ದಳು. ಗೋಡೆಯಲ್ಲಿ ಬುದ್ಧನ ಪಟದ ಪಕ್ಕ ತೂಗುತ್ತಿದ್ದ ಕ್ಯಾಲೆಂಡರನ್ನು ಮೊಮ್ಮಗಳು ಮೈತ್ರಿಯಿಂದ ಬೇರೆ ಕಡೆಗೆ ಹಾಕಿಸಿ, ಶಾಲು ಹೊದಿಸುವ ಫೋಟೋಗೆಂದು ಆ ಮೊಳೆಯನ್ನು ಖಾಲಿ ಇಟ್ಟಿದ್ದಳು. ಉಗ್ರಪ್ಪ ಅವಳ ಪಕ್ಕದಲ್ಲಿ ಕೂತು ನಿಧಾನವಾಗಿ ಎಲ್ಲವನ್ನೂ ಹೇಳಿದ. ಕೇಜು, ಕಿಟಕಿ, ಗುಳ್ಳೆ. ಅವಳು ಪೂರ್ತಿ ಕೇಳಿಸಿಕೊಂಡಳು. ವಾಲ್ವು ಒಡೆದರೆ ಏನಾಗುತ್ತದೆ ಎಂದೂ ಕೇಳಿದಳು. ಯಲ್ಲಯ್ಯ ಕೂರುವ ಕೋಣೆ ಮೊದಲು ತುಂಬುತ್ತದೆ ಎಂದ.

“ಇನ್ನೇನು, ಭಾನುವಾರ ಕಣ್ಣೆದುರ್ಗೇ ಐತಲ್ಲ,” ಎಂದಳು. “ಮೊದ್ಲು ಶಾಲು ಹೊದ್ಕೋ, ಆಮ್ಯಾಕೆ ನಿನ್ ಕೇಜು ಹಾಕ್ಕೋ. ಆ ಅಂಗ್ಳಾನ ನಾನು ಗುಡ್ಸಿದೀನಿ ಕಣೋ ಮಗಾ, ಕೂತಿಲ್ಲ. ಒಂದ್ ಸಲ ಕೂತ್ಕೊಂಬಿಡ್ತೀನಿ.”

ತಾಯಿ ಅವನನ್ನು ಏನನ್ನೂ ಹೀಗೆ ಕೇಳಿದವಳಲ್ಲ. ಆಯ್ತವ್ವ ಎಂದ.

ಆಯ್ತು ಎಂದವನಿಗೆ ಶುಕ್ರವಾರದವರೆಗೆ ನೆಮ್ಮದಿ ಇಲ್ಲ. ದಿನಾ ಹೋಗಿ ವಾಲ್ವಿನ ಮೈಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ. ಮುಖ್ಯ ಗೇಟು ವಾಲ್ವನ್ನು ಸ್ವಲ್ಪ ಮುಚ್ಚಿ ನೀರಿನ ಓಟ ತಗ್ಗಿಸಿ ನೋಡಿದ. ಅರ್ಧ ಗಂಟೆಯೊಳಗೆ ಮೇಡಂ ಫೋನು, ಇವತ್ತು ಮಹಡಿಗೆ ಹತ್ತಿಲ್ಲವಲ್ಲ, ಭಾನುವಾರಕ್ಕೆ ಅಡುಗೆಯವರು ಬರುತ್ತಾರೆ, ತೊಂದರೆಯಾಗಲ್ಲ ತಾನೆ ಎಂದು. ಪುನಃ ತೆರೆದ. ಜಲ್ಲಿ ಸುರಿಯತೊಡಗಿತು.

ಶುಕ್ರವಾರ ಮಧ್ಯಾಹ್ನ ಹೋದಾಗ ಯಲ್ಲಯ್ಯ ಊಟಕ್ಕೆ ಹೋಗಿದ್ದ. ವಾಲ್ವಿನ ಹೊಟ್ಟೆಗೆ ಒಂದು ಗೋಣಿಚೀಲ ಹೊದಿಸಿತ್ತು. ಎತ್ತಿ ನೋಡಿದರೆ ಒಳಗೆ ಸೈಕಲ್ ಟ್ಯೂಬು, ಬಿಗಿಯಾಗಿ ಸುತ್ತು ಮೇಲೆ ಸುತ್ತು. ಟ್ಯೂಬಿನ ಅಂಚಿನಿಂದ ನೀರು ಜಿನುಗಿ ಕೆಳಗಿನ ಬಕೆಟ್ಟಿಗೆ ಬೀಳುತ್ತಿತ್ತು. ಅಷ್ಟು ದಪ್ಪದ ಉಕ್ಕಿನಲ್ಲಿ ಸೂಜಿಮೊನೆಯಷ್ಟು ತೂತು.

ಯಲ್ಲಯ್ಯ ಬಾಯಿ ಒರೆಸಿಕೊಳ್ಳುತ್ತ ಬಂದವನು ಬಾಗಿಲಲ್ಲೇ ನಿಂತ. ನಿನ್ನೆಯಿಂದ ಜಿನುಗುತ್ತಿದೆ ಎಂದು ಒಪ್ಪಿಕೊಂಡ. ಉಗ್ರಪ್ಪನಿಗೆ ಗೊತ್ತಾದರೆ ಸನ್ಮಾನ ಕೆಡುತ್ತದೆ, ಅದಕ್ಕೇ ಮುಚ್ಚಿಟ್ಟೆ ಎಂದ. ರಾತ್ರಿ ಎಲ್ಲಿ ಮಲಗಿದ್ದೆ ಎಂದು ಉಗ್ರಪ್ಪ ಕೇಳಿದ. ಇನ್ನೆಲ್ಲಿ, ಇಲ್ಲೇ, ಬಕೆಟ್ಟು ತುಂಬಿದರೆ ಚೆಲ್ಲಬೇಕಲ್ಲ ಎಂದ ಯಲ್ಲಯ್ಯ.

ಉಗ್ರಪ್ಪ ಗೋಣಿಚೀಲವನ್ನು ಕೆಳಗೆ ಹಾಕಿದ. ಅವನ ಶಾಲಿಗೋಸ್ಕರ ಒಬ್ಬ ಮನುಷ್ಯ ಒಡೆಯಲಿರುವ ವಾಲ್ವಿನ ಪಕ್ಕ ಚಾಪೆ ಹಾಸಿದ್ದ.

“ಪೆಟ್ಟಿಗೆ ಆಚೆ ತಗಿಯಯ್ಯ,” ಎಂದ.

“ಗುರು, ಇನ್ನೊಂದೇ...”

“ತಗಿ ಅಂದೆ.”

ಯಲ್ಲಯ್ಯ ಅವನ ಹೆಸರನ್ನು ನಂಬಿದ್ದು ಅವತ್ತೇ ಇರಬೇಕು. ಪೆಟ್ಟಿಗೆಯನ್ನು ಆಚೆಗೆ ಎಳೆದ.

ಆಫೀಸಿಗೆ ಫೋನು ಮಾಡಿ, ಇದ್ದದ್ದನ್ನು ಇದ್ದಂತೆ ಹೇಳಿ, ಪೈಪನ್ನು ಪೂರ್ತಿ ಮುಚ್ಚಿಸಿದ. ಶನಿವಾರ ಬೆಳಗಾಗುತ್ತಲೇ ವಾಲ್ವಿನ ಮೇಲಿನ ಮುಚ್ಚಳದ ಬೋಲ್ಟು ಬಿಚ್ಚಿ, ಚೈನ್ ಪುಲ್ಲಿ ಹಾಕಿ ಎತ್ತಿದರು. ಕಿಟಕಿಯ ಕೇಜಿನ ಒಳಮೈ ಗೆದ್ದಲು ಹಿಡಿದ ಹಲಗೆಯಂತಿತ್ತು. ಅದರೊಳಗೆ ಮೇಲೆ ಕೆಳಗೆ ಆಡುವ ಪ್ಲಗ್ಗಿನ ಅಂಚನ್ನಂತೂ ಇಲಿ ಕಡಿದಂತಿತ್ತು. ವೆಲ್ಡರ್ ಬಂದು ತೂತಿನ ಸುತ್ತ ತೆಳ್ಳಗಾದ ಜಾಗವನ್ನು ಕೆರೆದು ತುಂಬಿದ. ಹೊಸ ಪ್ಲಗ್ಗು, ಅದು ಕೂರಲು ಹೊಸ ಸೀಟು, ಹೊಸ ಗ್ಯಾಸ್ಕೆಟ್ಟು. ಕೊನೆಗೆ ಪೆಟ್ಟಿಗೆಯ ಮೊಳೆ ಕಿತ್ತು ಹೊಸ ಕೇಜನ್ನು ಹೊರತೆಗೆದರು. ಬೆಳಕಿಗೆ ಹಿಡಿದರೆ ಸಾವಿರ ಕಣ್ಣು. ಅದನ್ನು ಕೂರಿಸಿ, ಬೋಲ್ಟುಗಳನ್ನು ಒಂದಕ್ಕೊಂದು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಸಂಜೆ ನೀರು ಬಿಟ್ಟಾಗ ಕೋಣೆಯಲ್ಲಿ ಯಲ್ಲಯ್ಯನ ಕೆಮ್ಮೂ ಕೇಳುತ್ತಿತ್ತು.

ಮನೆಗೆ ಹೋಗಿ ತಾಯಿಗೆ ಹೇಳಿದ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಭಾನುವಾರ ಬೆಳಿಗ್ಗೆ ನೋಡಿದರೆ ಜರಿಯಂಚಿನ ಸೀರೆ ಉಟ್ಟು ಹೊಸಿಲ ಮೇಲೆ ಕೂತಿದ್ದಾಳೆ. ಅವ್ವ, ಇವತ್ತು ಅಲ್ಲಿ ಏನೂ ನಡೆಯದೆ ಇರಬಹುದು ಎಂದು ಮೆಲ್ಲಗೆ ಹೇಳಿದ.

“ಹೋಗಿ ಹೇಳ್ಬೇಕಲ್ಲ, ನಡಿ,” ಎಂದಳು.

ಮೇಡಂ ಮನೆಯ ಮುಂದೆ ಟೆಂಪೋ ನಿಂತಿತ್ತು. ಅಂಗಳದಲ್ಲಿ ಬಿಳಿ ಬಟ್ಟೆ ತೊಡಿಸಿದ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಮೇಡಂ ಕೈಯಲ್ಲಿ ಫೋನು ಹಿಡಿದೇ ಗೇಟಿಗೆ ಬಂದರು, ಪಾಪ, ಮುಖ ಬಾಡಿತ್ತು. ನಿನ್ನೆ ಇಡೀ ದಿನ ಯಾರಿಗೂ ನೀರಿಲ್ಲ, ಇವತ್ತು ಬಂದದ್ದು ನೆಲದ ಸಂಪಿನವರೆಗೆ ಮಾತ್ರ, ಬೆಳಿಗ್ಗೆಯಿಂದ ಎಲ್ಲರೂ ಫೋನು ಮಾಡುತ್ತಿದ್ದಾರೆ, ರಿಪೇರಿ ಅಂತ ಸಮಾಧಾನ ಹೇಳಿ ಸಾಕಾಯಿತು ಎಂದರು. ನಾಳೆಯಿಂದ ಮೊದಲಿನಂತೆ ಬರುತ್ತದೆ ತಾನೆ ಎಂದು ಕೇಳಿದರು.

“ಇಲ್ಲ ಮೇಡಂ. ಇನ್ಮೇಲೆ ಇಷ್ಟೇ. ಅಷ್ಟು ಬರ್ತಿದ್ದಿದ್ದು ಒಳಗೆ ಇರಬೇಕಾದ್ದು ಇರಲಿಲ್ಲ ಅಂತ. ಬಿಟ್ಟಿದ್ರೆ ವಾಲ್ವು ಒಡೀತಿತ್ತು, ಯಲ್ಲಯ್ಯ ಅಲ್ಲೇ ಮಲಗ್ತಾನೆ. ನಾನು ಅವತ್ತೇ ಹೇಳ್ಬೇಕಿತ್ತು.”

ಮೇಡಂ ಮತ್ತೆ ರಿಂಗಾದ ಫೋನನ್ನು ಕಟ್ ಮಾಡಿದರು. ಸಿಟ್ಟು ಬಂದಂತೆ ಕಾಣಲಿಲ್ಲ. ಪಾಠ ನಡೆಯುವಾಗ ಕರೆಂಟು ಹೋದ ಟೀಚರ್ ಹಾಗೆ ನಿಂತಿದ್ದರು.

“ನೀವು ಮಾಡಿದ್ದು ಸರಿನೇ ಉಗ್ರಪ್ಪ. ಆದ್ರೆ ಜನಕ್ಕೆ ಏನಂತ ಹೇಳಿ ಶಾಲು ಹೊದಿಸ್ಲಿ? ಸ್ವಲ್ಪ ದಿನ ಹೋಗ್ಲಿ, ನೋಡೋಣ. ಕುರ್ಚಿ ವಾಪಸ್ ಕಳಿಸ್ತಿದ್ದೀನಿ.”

“ಆಗ್ಲಿ ಮೇಡಂ,” ಎಂದ ಉಗ್ರಪ್ಪ.

ಅಷ್ಟರಲ್ಲಿ ಸಪ್ಪಲಮ್ಮ ಮುಂದಿನ ಗೇಟನ್ನು ತಳ್ಳಿ ಒಳಗೆ ಹೋಗಿದ್ದಳು. ಅಂಗಳದ ಮೂಲೆಯಲ್ಲಿ ಕಸ ಉಳಿದಿತ್ತು, ಅವಳ ಕಣ್ಣು ಅದರ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಮುಂದಿನ ಸಾಲಿಗೆ ನಡೆದು, ನಡುವಿನ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕೂತಳು. ಟೆಂಪೋದವನು ಹಿಂದಿನ ಸಾಲಿನಿಂದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗಾಡಿಗೆ ಹಾಕುತ್ತ ಬಂದ. ಅವಳ ಎಡಬಲದ ಕುರ್ಚಿಗಳನ್ನೂ ತೆಗೆದ. ಅವಳ ಎದುರು ಬಂದವನು ಆ ಒಂದು ಕುರ್ಚಿಯನ್ನು ಬಿಟ್ಟು, ಟೆಂಪೋದ ಹಿಂದಿನ ಬಾಗಿಲನ್ನು ತೆರೆದೇ ಇಟ್ಟು ಕಟ್ಟೆಯ ಮೇಲೆ ಕಾಯುತ್ತ ಕೂತ.